ಕೋಲು ಯಾಕೆ ಎಂದು ಕೇಳಿದವನಿಗೆ

ನಾಪೋಕ್ಲು,
ಹುತ್ತರಿ ಕಳೆದ ವಾರ

ಪ್ರೀತಿಯ ಕೂಸೇ,

ನಿನ್ನ ಚಿತ್ರದ ಮೊದಲ ಮೂರು ನಿಮಿಷ ನೋಡಿದೆ. ಮೊದಲು ಫೋನಿನಲ್ಲಿ, ಆಮೇಲೆ ನಿನ್ನ ಅಪ್ಪ ಟಿ.ವಿ.ಗೆ ಜೋಡಿಸಿಕೊಟ್ಟ ಮೇಲೆ ಅದರಲ್ಲಿ. ನಿನ್ನ ತರಗತಿಯವರು ಬರೆದುಕೊಟ್ಟ ಹಾಳೆಗಳ ಫೋಟೊಗಳನ್ನೂ ಓದಿದೆ. ಅವರಿಗೆಲ್ಲ ಕಳಿಸಬೇಕೆಂದು ನೀನು ರಾತ್ರಿ ನಿದ್ದೆಗೆಟ್ಟು ಬರೆದ ಉತ್ತರವನ್ನೂ ಓದಿದೆ. ‘ಇದನ್ನು ಗ್ರೂಪಿಗೆ ಹಾಕಲಾ ಅಜ್ಜ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಕಾಗದ ತೆಗೆದುಕೊಂಡೆ. ಕಾಫಿ ಕುಯ್ಲಿನ ಕೂಲಿ ಲೆಕ್ಕ ಪಕ್ಕಕ್ಕೆ ಸರಿಸಿ ಕೂತಿದ್ದಕ್ಕೆ ನಿನ್ನ ಅಜ್ಜಿ ಒಳಗಿನಿಂದಲೇ ಗೊಣಗುತ್ತಿದ್ದಾರೆ, ಗೊಣಗಲಿ.

ಗ್ರೂಪಿಗೆ ಹಾಕಬೇಡ. ಅಳಿಸಿಯೂ ಬಿಡಬೇಡ. ಆ ಉತ್ತರದಿಂದ ಅವರಿಗಿಂತ ಹೆಚ್ಚು ಉಪಯೋಗ ಇರುವುದು ನಿನಗೆ.

ಹೇಗೆ ಅಂತ ಹೇಳುತ್ತೇನೆ. ‘ಆ ಅಜ್ಜಿ ಕೋಲು ನೆಡುವುದು ಯಾಕೆ?’ ಎಂದು ಬೀದರಿನ ಹುಡುಗನೊಬ್ಬ ಬರೆದಿದ್ದಾನಲ್ಲ, ಅವನಿಗೆ ನೀನು ಕೊಟ್ಟ ಉತ್ತರವನ್ನೇ ತೆಗೆದುಕೋ. ಹೊಳೆ ಏರುವ ರಾತ್ರಿ ನೀರಿನಂಚಿಗೆ ಕೋಲು ನೆಟ್ಟು ಬರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಿಡಿದು ಹೋಗಿ ನೋಡುತ್ತಾರೆ. ಕೋಲು ಇನ್ನೂ ಒಣನೆಲದಲ್ಲಿದ್ದರೆ ಮಲಗಬಹುದು, ನೀರಿನೊಳಗೆ ನಿಂತಿದ್ದರೆ ದನ ಬಿಚ್ಚಬೇಕು, ಅಕ್ಕಿ ಅಟ್ಟಕ್ಕೆ ಏರಿಸಬೇಕು. ಹೀಗೆ ಬರೆದು, ಕೊನೆಗೆ ‘ಕೋಲು ನೋಡಿ ಬಂದ ಅಜ್ಜಿಯ ಕಾಲಿನ ಒದ್ದೆ ಗುರುತು ಜಗಲಿಯಲ್ಲಿ ಎಷ್ಟು ಉದ್ದಕ್ಕಿದೆ ಅನ್ನುವುದರಲ್ಲೇ ನಮಗೆ ಗೊತ್ತಾಗುತ್ತಿತ್ತು’ ಅಂದಿದ್ದೀಯ. ಎಷ್ಟು ಚೆನ್ನಾಗಿದೆ! ಆದರೆ ಇದರಲ್ಲಿ ಒಂದಾದರೂ ಚಿತ್ರದಲ್ಲಿದೆಯಾ? ಇದ್ದಿದ್ದರೆ ಆ ಹುಡುಗ ಕೇಳುತ್ತಲೇ ಇರಲಿಲ್ಲ. ಅವನಿಗೆ ಉತ್ತರ ಕೊಡುತ್ತಿದ್ದೇನೆ ಅಂದುಕೊಂಡು ನೀನು ಬರೆದಿರುವುದು ನಿನ್ನ ಚಿತ್ರದಲ್ಲಿ ಇಲ್ಲದ್ದರ ಪಟ್ಟಿ. ಆ ಕಾಗದವನ್ನು ಎಡಿಟಿಂಗ್ ಟೇಬಲ್ ಹತ್ತಿರ ಅಂಟಿಸಿಕೋ. ಉತ್ತರ ಕೊಡಬೇಕಾದ ಜಾಗ ಅದು.

ಮದರಾಸಿನಲ್ಲಿ ಎಡಿಟಿಂಗ್ ರೂಮಿನ ಸಹಾಯಕನಾಗಿದ್ದ ಕಾಲದಲ್ಲಿ ನಾನು ಕಲಿತ ವಿದ್ಯೆ ಹೆಚ್ಚೇನಲ್ಲ. ರಷ್ ಪ್ರಿಂಟಿನ ತುಂಡುಗಳನ್ನು ಬಿನ್ನಿನ ಮೇಲೆ ಸಾಲಾಗಿ ತೂಗುಹಾಕುವುದು, ಕೇಳಿದ ತುಂಡನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕಿಕೊಡುವುದು, ಅಷ್ಟೇ. ಆದರೆ ಕತ್ತಲಲ್ಲಿ ಕೂತು ಪರದೆ ನೋಡುವವರ ಮುಖ ನೋಡುವ ಚಟ ಹತ್ತಿದ್ದು ಅಲ್ಲೇ. ಜನ ಬಾಯಿಬಿಟ್ಟು ಹೇಳುವ ಅಭಿಪ್ರಾಯ ಬೇರೆ, ಚಿತ್ರ ನೋಡುವಾಗ ಅವರ ಮೈ ಹೇಳುವುದು ಬೇರೆ. ಟೆಂಟಿನಲ್ಲಿ ಯಾವ ಹಾಡಿಗೆ ಗಂಡಸರು ಬೀಡಿ ಸೇದಲು ಎದ್ದು ಹೋಗುತ್ತಾರೆ ಅನ್ನುವುದಕ್ಕಿಂತ ನಿಷ್ಠುರ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬಂದದ್ದಿಲ್ಲ. ಮುಂದಿನ ಸಲ ತರಗತಿಯಲ್ಲಿ ತೋರಿಸುವಾಗ ನೀನು ಹಿಂದಿನ ಸಾಲಿನಲ್ಲಿ ಕೂರಬೇಡ. ಪಕ್ಕದ ಗೋಡೆಗೆ ಒರಗಿ, ಪರದೆಗೆ ಬೆನ್ನು ಹಾಕಿ ನಿಲ್ಲು. ನಿನ್ನ ಚಿತ್ರ ನಿನಗೆ ಬಾಯಿಪಾಠವಾಗಿದೆ, ಅದನ್ನೇನು ನೋಡುತ್ತೀಯ.

ಈಗ ಹಾಳೆಗಳಿಗೆ ಬರೋಣ. ನಿನಗೆ ಅತಿ ಹೆಚ್ಚು ಸಿಟ್ಟು ಬರಿಸಿದ ಮಾತು ಯಾವುದೆಂದು ನೀನು ಹೇಳದೆಯೇ ಗೊತ್ತು: ‘ಹಾರರ್ ಸಿನಿಮಾ ಅಂದುಕೊಂಡೆ.’ ಒಬ್ಬಳು ಇನ್ನೂ ಮುಂದೆ ಹೋಗಿ, ‘ಅಜ್ಜಿಯ ಹಿಂದಿನಿಂದ ಯಾರೋ ಬರುತ್ತಾರೆ ಅಂತ ಕಾಯುತ್ತಾ ಇದ್ದೆ’ ಎಂದು ಬರೆದಿದ್ದಾಳೆ. ಹೊಳೆ ಮೇಲೆ ಬಂದ ರಾತ್ರಿಯ ಕಥೆ, ಮರುದಿನ ಪರೀಕ್ಷೆಗೆ ನೀರು ತುಂಬಿದ ಬೊಳಿಬಾಣೆ ದಾಟಿ ಹೋಗಬೇಕಾದ ಹುಡುಗಿಯ ಕಥೆ ಮಾಡಲು ಹೊರಟವಳಿಗೆ ದೆವ್ವದ ಸಿನಿಮಾ ಅಂದರೆ ಹೊಟ್ಟೆ ಉರಿಯದೆ ಇರುತ್ತದಾ? ನನಗಂತೂ ಆ ಎಲ್ಲ ಹಾಳೆಗಳಲ್ಲಿ ಬೆಲೆಬಾಳುವ ಮಾತು ಅದೊಂದೇ ಅನ್ನಿಸಿತು.

ಬಿಲ್ಲಿ ವೈಲ್ಡರ್ ‘ಸನ್‌ಸೆಟ್ ಬುಲೆವಾರ್ಡ್’ ಎಂಬ ಚಿತ್ರ ಮಾಡಿದ ಕಥೆ ನಿಮ್ಮ ಮೇಷ್ಟರು ಹೇಳಿರಬಹುದು, ಹೇಳಿರದಿದ್ದರೆ ಕೇಳು. 1950ರಲ್ಲಿ ಬಿಡುಗಡೆಯಾದ ಚಿತ್ರ. ಸತ್ತವನೊಬ್ಬ ತನ್ನ ಕಥೆ ತಾನೇ ಹೇಳುವುದು ಅದರ ಹೂರಣ. ವೈಲ್ಡರ್ ಮೊದಲು ಚಿತ್ರೀಕರಿಸಿದ್ದ ಆರಂಭ ನಡೆಯುವುದು ಶವಾಗಾರದಲ್ಲಿ. ಸಾಲಾಗಿ ಮಲಗಿಸಿದ ಹೆಣಗಳು ಒಂದಕ್ಕೊಂದು ಮಾತಾಡುತ್ತವೆ, ನೀನು ಹೇಗೆ ಸತ್ತೆ, ನಾನು ಹೀಗೆ ಸತ್ತೆ ಅಂತ. ಇಲಿನಾಯ್ ರಾಜ್ಯದ ಎವನ್‌ಸ್ಟನ್ ಊರಿನಲ್ಲಿ ಜನರಿಗೆ ಮುಂಚಿತವಾಗಿ ತೋರಿಸಿದಾಗ, ಹೊಸ ಹೆಣದ ಕಾಲ್ಬೆರಳಿಗೆ ಚೀಟಿ ಕಟ್ಟುವ ಹೊತ್ತಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಗಂಭೀರ ಚಿತ್ರ ಅಲ್ಲಿಂದ ಮುಂದೆ ಅವರ ಪಾಲಿಗೆ ತಮಾಷೆಯಾಗಿಬಿಟ್ಟಿತು. ವೈಲ್ಡರ್ ಜನರಿಗೆ ಬುದ್ಧಿ ಇಲ್ಲ ಎಂದು ವಾದಿಸಲಿಲ್ಲ. ಶವಾಗಾರವನ್ನು ಪೂರ್ತಿ ಕಿತ್ತುಹಾಕಿದ. ಈಗ ನಾವು ನೋಡುವ ಆರಂಭದಲ್ಲಿ ಪೊಲೀಸ್ ಗಾಡಿಗಳು ಬೆಳಗಿನ ರಸ್ತೆಯಲ್ಲಿ ಓಡಿ ಬರುತ್ತವೆ, ಬಂಗಲೆಯ ಈಜುಕೊಳದಲ್ಲಿ ಹೆಣ ತೇಲುತ್ತಿರುತ್ತದೆ, ನಾವು ಕೆಳಗಿನಿಂದ ಅದರ ಮುಖ ನೋಡುತ್ತೇವೆ.

ಇದರಲ್ಲಿ ಗಮನಿಸಬೇಕಾದದ್ದು ಅವನು ಏನನ್ನು ಕಿತ್ತ, ಏನನ್ನು ಉಳಿಸಿಕೊಂಡ ಅನ್ನುವುದು. ಸತ್ತವನೇ ಕಥೆ ಹೇಳುವುದು ಹಾಗೇ ಉಳಿಯಿತು. ಜನ ನಕ್ಕರು ಅಂತ ಅದನ್ನೂ ಬಿಟ್ಟಿದ್ದರೆ ಚಿತ್ರವೇ ಇರುತ್ತಿರಲಿಲ್ಲ. ನಗು ಎಲ್ಲಿ ಬಂತು ಅನ್ನುವುದನ್ನು ಅವನು ಪ್ರೇಕ್ಷಕರಿಂದ ತಿಳಿದುಕೊಂಡ, ಅದಕ್ಕೆ ಏನು ಮಾಡಬೇಕು ಅನ್ನುವುದನ್ನು ಅವರಿಂದ ಕೇಳಲಿಲ್ಲ. ನೋವು ಎಲ್ಲಿದೆ ಅಂತ ರೋಗಿ ಹೇಳಿದರೆ ಅದು ಸುಳ್ಳಾಗುವುದಿಲ್ಲ, ಆದರೆ ಔಷಧದ ಚೀಟಿಯನ್ನು ಅವನ ಕೈಲಿ ಬರೆಸುವುದುಂಟಾ? ನಿನ್ನ ಗೆಳೆಯರ ಹಾಳೆಗಳನ್ನು ಹೀಗೆ ಎರಡಾಗಿ ಮಡಿಸು. ಎಲ್ಲಿ ಎಡವಿದೆ, ಎಲ್ಲಿ ಬೇಜಾರಾಯಿತು, ಯಾವಾಗ ಫೋನ್ ನೋಡಿದೆ, ಏನಂದುಕೊಂಡೆ ಎಂದು ಬರೆದ ಮಾತುಗಳಿಗೆ ಕೆಂಪು ಗೆರೆ ಎಳೆ. ಹೀಗೆ ಮಾಡು, ಹಾಗೆ ಮಾಡು ಅಂದದ್ದನ್ನು ಪ್ರೀತಿಯಿಂದ ಓದಿ ಬಿಟ್ಟುಬಿಡು.

ಆ ಹಾರರ್ ಎಲ್ಲಿಂದ ಬಂತು ಅಂತ ನಾನೂ ಹುಡುಕಿದೆ. ರಾತ್ರಿ, ಮಳೆ, ಟಾರ್ಚ್, ಇದಿಷ್ಟರಿಂದ ಬಂದದ್ದಲ್ಲ. ನಮ್ಮ ಮಳೆಗಾಲವೆಲ್ಲ ರಾತ್ರಿ, ಮಳೆ, ಟಾರ್ಚುಗಳದ್ದೇ. ಅಜ್ಜಿಯ ಮುಖ ತೋರಿಸುವುದಕ್ಕಿಂತ ಮೊದಲೇ ನೀನು ಅವರ ಬೆನ್ನು ತೋರಿಸಿದ್ದೀಯ. ಕ್ಯಾಮೆರಾ ದೂರದಿಂದ, ಅಡಿಕೆ ಮರಗಳ ಸಂದಿಯಿಂದ, ಅವರ ಹಿಂದೆಯೇ ಸದ್ದಿಲ್ಲದೆ ಹೋಗುತ್ತದೆ. ಹಾಗೆ ಹಿಂದೆ ಹೋಗುವ ಕ್ಯಾಮೆರಾ ಯಾರದ್ದೋ ಕಣ್ಣು ಅಂತ ಎಷ್ಟೋ ದೆವ್ವದ ಸಿನಿಮಾಗಳು ಜನರಿಗೆ ಪಾಠ ಹೇಳಿಕೊಟ್ಟಿವೆ. ಆ ಹುಡುಗಿ ‘ಯಾರೋ ಬರುತ್ತಾರೆ’ ಅಂದುಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ, ಅವಳು ನಿನ್ನ ಶಾಟನ್ನು ಸರಿಯಾಗಿಯೇ ಓದಿದ್ದಾಳೆ. ನೀನು ಬರೆದದ್ದು ಒಂದು, ಶಾಟ್ ಹೇಳಿದ್ದು ಇನ್ನೊಂದು.

ಶೂಟಿಂಗ್ ದಿನ ನಾನು ಛತ್ರಿ ಹಿಡಿದು ನಿಂತಿದ್ದೆನಲ್ಲ, ಆಗ ತೆಗೆದದ್ದು ನೆನಪಿದೆಯಾ? ನಿನ್ನ ಅಜ್ಜಿ ಬಾಗಿಲ ಬಳಿ ಟಾರ್ಚ್ ಹತ್ತಿಸಲು ಹೋಗಿ, ಅದು ಹತ್ತದೆ, ಅಂಗೈಗೆ ಎರಡು ಸಲ ಬಡಿದು, ಬ್ಯಾಟರಿ ತಂದುಕೊಡದವರನ್ನು ಬೈದುಕೊಂಡು ಸೆರಗು ತಲೆಗೆ ಎಳೆದುಕೊಂಡರು. ನೀನು ‘ಕಟ್’ ಅಂದು, ‘ಅಜ್ಜಿ, ಬೈಬೇಡಿ’ ಅಂದೆ. ಆ ಶಾಟ್ ಚಿತ್ರದಲ್ಲಿಲ್ಲ. ಟಾರ್ಚನ್ನು ಅಂಗೈಗೆ ಬಡಿಯುವ ಮುದುಕಿಯನ್ನು ಕಂಡವರು ಯಾರೂ ಆಮೇಲೆ ದೆವ್ವಕ್ಕೆ ಕಾಯುವುದಿಲ್ಲ. ಆ ಮುಖವನ್ನು ಮೊದಲು ಇಟ್ಟು, ಆಮೇಲೆ ನಿನ್ನ ಅದೇ ಅಡಿಕೆ ಮರದ ಸಂದಿಯ ಶಾಟ್ ಇಟ್ಟು ನೋಡು. ನನಗೆ ಆಗುತ್ತದೆ ಅನ್ನಿಸುತ್ತದೆ. ಇದೂ ಒಂದು ಔಷಧದ ಚೀಟಿಯೇ, ಅದನ್ನೂ ನಂಬಬೇಡ. ಇಟ್ಟು ನೋಡಿದ ಮೇಲೆ ನಿನ್ನ ಕಣ್ಣನ್ನು ನಂಬು.

ಕೋಲಿನ ಪ್ರಶ್ನೆಗೂ ಇದೇ ದಾರಿ. ಮೂರು ಜನ ವಾಯ್ಸ್ ಓವರ್ ಹಾಕು ಅಂದಿದ್ದಾರೆ, ಒಬ್ಬ ಪರದೆಯ ಮೇಲೆ ಬರಹ ಹಾಕು ಅಂದಿದ್ದಾನೆ. ಹಾಕಿದರೆ ಕೋಲು ಅರ್ಥವಾಗುತ್ತದೆ, ನಿಜ. ಆದರೆ ಅರ್ಥ ಮಾಡಿಕೊಂಡ ಸಂತೋಷ ನೋಡುವವನಿಗೆ ಸಿಗುವುದಿಲ್ಲ. ಒಂದು ಕೋಲು ಒಂದು ಸಲ ಕಂಡರೆ ಅದು ಬರೀ ಕೋಲು. ಅದೇ ಕೋಲು, ಅದೇ ಫ್ರೇಮು, ಎರಡನೆಯ ಸಲ ಕಂಡಾಗ ಅದರ ಸುತ್ತ ನೀರಿದ್ದರೆ ಬೀದರಿನ ಹುಡುಗನಿಗೂ ಯಾರೂ ಹೇಳಿಕೊಡಬೇಕಿಲ್ಲ. ನಿನ್ನ ಚಿತ್ರದಲ್ಲಿ ಎರಡನೆಯ ಸಲ ಅನ್ನುವುದೇ ಇಲ್ಲ.

‘ತಿಥಿ’ಯ ಆರಂಭ ಮತ್ತೊಮ್ಮೆ ನೋಡು. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಜೊತೆಗೆ ಬರೆದದ್ದು, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದದ್ದು. ಮಂಡ್ಯ ಜಿಲ್ಲೆಯ ಹಳ್ಳಿ, ಅಲ್ಲಿನವರೇ ನಟರು. ಸೆಂಚುರಿ ಗೌಡ ಬೀದಿ ಬದಿಗೆ ಕೂತು ಹೋಗಿ ಬರುವವರನ್ನೆಲ್ಲ ಕೆಣಕುತ್ತಾನೆ, ಬೈಯುತ್ತಾನೆ, ಎದ್ದು ಮೂತ್ರಕ್ಕೆ ಹೋಗಿ ಅಲ್ಲೇ ಬಿದ್ದು ಸಾಯುತ್ತಾನೆ. ಇವನು ಇಂಥವನು, ಇವನಿಗೆ ಇಷ್ಟು ವಯಸ್ಸು, ಈ ಊರು ಇಲ್ಲಿದೆ ಎಂದು ಒಂದು ಮಾತಿನ ವಿವರಣೆ ಇಲ್ಲ. ಅವನು ಬೈಯುವಾಗ ಜನ ಸಿಟ್ಟಾಗದೆ ನಕ್ಕು ಮುಂದೆ ಹೋಗುವುದನ್ನು ನೋಡಿಯೇ ಆ ಊರಿಗೆ ಅವನು ಏನು ಅನ್ನುವುದು ನಮಗೆ ತಿಳಿದುಬಿಡುತ್ತದೆ. ಲೊಕಾರ್ನೊದವರಿಗೆ ಮಂಡ್ಯದ ಬೈಗುಳದ ಸೊಗಸು ಎಷ್ಟು ತಿಳಿಯಿತೋ ಗೊತ್ತಿಲ್ಲ, ನಕ್ಕವರ ಮುಖವಂತೂ ತಿಳಿಯಿತು.

ಇಷ್ಟು ಹೊತ್ತು ಬೈದವರ ಮಾತಾಯಿತು. ಹೊಗಳಿದವರ ಬಗ್ಗೆಯೂ ಒಂದು ಮಾತಿದೆ, ಅದು ನಿನಗೆ ರುಚಿಸಲಿಕ್ಕಿಲ್ಲ.

ಹಾಳೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ದನಿಯಲ್ಲಿ ಹೊಗಳಿದ್ದು ಮೊದಲ ಡ್ರೋನ್ ಶಾಟನ್ನು. ‘ಸೂಪರ್’, ‘ವಾವ್’, ‘ನಿಮ್ಮೂರು ಸ್ವರ್ಗ’. ತಡಿಯಂಡಮೋಳ್ ಕಡೆಯಿಂದ ಮಂಜು ಇಳಿಯುತ್ತದೆ, ಕಾಫಿ ತೋಟ, ನಡುವೆ ಗದ್ದೆ, ಹೊಳೆ ಬೆಳ್ಳಗೆ ಹೊಳೆಯುತ್ತದೆ. ಚೆನ್ನಾಗಿಯೇ ಇದೆ. ಬಾಡಿಗೆ ಡ್ರೋನಿಗೆ ನೀನು ಕೊಟ್ಟ ದುಡ್ಡೂ ನನಗೆ ಗೊತ್ತು. ಆದರೆ ಅವರು ಯಾಕೆ ಹೊಗಳಿದರು ಅಂತ ಯೋಚಿಸಿದೆಯಾ? ಅವರು ಮೊದಲೇ ನೋಡಿದ ಕೊಡಗು ಅದು. ಪುಟ್ಟಣ್ಣ ಕಣಗಾಲರು 1971ರಲ್ಲಿ ‘ಶರಪಂಜರ’ದ ಹಾಡಿಗೆ ಕೊಡಗನ್ನು ತಂದಾಗ ಅದು ಹೊಸದಾಗಿತ್ತು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದು ಮಡಿಕೇರಿಯ ಮಳೆಯನ್ನು ಮನೆಮನೆಗೆ ಮುಟ್ಟಿಸಿತು. ಅದಾದ ಮೇಲೆ ಮದುವೆ ವೀಡಿಯೊದಿಂದ ಹೋಂಸ್ಟೇ ಜಾಹೀರಾತಿನವರೆಗೆ ಎಲ್ಲರೂ ಅದೇ ಮಂಜನ್ನೇ ತೆಗೆಯುತ್ತಿದ್ದಾರೆ. ಕೊಡಗಿನವರೇ ಆದ ಭಾರತೀಸುತರ ಕಾದಂಬರಿಯಿಂದ ‘ಎಡಕಲ್ಲು ಗುಡ್ಡದ ಮೇಲೆ’ ಬಂತು, 1972ರಲ್ಲೇ ‘ನಾಡ ಮಣ್ಣ್ ನಾಡ ಕೂಳ್’ ಎಂದು ಕೊಡವ ಭಾಷೆಯಲ್ಲೇ ಸಿನಿಮಾ ಬಂತು. ಆದರೂ ಹೊರಗಿನವರ ಕಣ್ಣಿಗೆ ನಾವು ಇವತ್ತಿಗೂ ಬರೀ ಬೆಟ್ಟ ಮತ್ತು ಮಂಜು. ಮನೆಯೊಳಗೆ ಯಾರಿದ್ದಾರೆ ಅಂತ ಬಾಗಿ ನೋಡಿದವರು ಕಡಿಮೆ.

ನಿನ್ನ ಚಿತ್ರ ಹಾಗೆ ಬಾಗಿ ನೋಡುವ ಚಿತ್ರ. ಅದರ ಬಾಗಿಲಿಗೆ ಪ್ರವಾಸಿಯ ಪಟ ನೇತುಹಾಕಿದ್ದು ಯಾಕೆ? ನಾಪೋಕ್ಲು ಅಂದರೆ ಏನು ಅಂತ ನನ್ನನ್ನು ಕೇಳಿದರೆ ಆ ಶಾಟ್ ನನ್ನ ನೆನಪಿಗೇ ಬರುವುದಿಲ್ಲ. ಪೇಟೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಕಿವಿಗೆ ಬೀಳುತ್ತವೆ. ಎಮ್ಮೆಮಾಡಿನ ಉರೂಸಿಗೆ ಹೋಗುವವರೂ ಪಾಡಿ ಇಗ್ಗುತ್ತಪ್ಪನಿಗೆ ಹೋಗುವವರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. 2024ರ ಬೇಸಿಗೆಯಲ್ಲಿ ಇದೇ ಊರಿನ ಮೈದಾನದಲ್ಲಿ 360 ಕೊಡವ ಕುಟುಂಬಗಳ ತಂಡಗಳು ಹಾಕಿ ಆಡಿದವು, ಆ ಗದ್ದಲ ನಿನಗೇ ಗೊತ್ತು. ಇದೆಲ್ಲ ನಿನ್ನ ಚಿತ್ರದಲ್ಲಿ ಬರಬೇಕು ಅನ್ನುತ್ತಿಲ್ಲ. ಸುಂದರ ಅನ್ನಿಸಿಕೊಳ್ಳುವುದಕ್ಕೆ ನಿನ್ನ ಮೊದಲ ಇಪ್ಪತ್ತು ಸೆಕೆಂಡು ಖರ್ಚಾಗಿದೆ ಅನ್ನುತ್ತಿದ್ದೇನೆ. ‘ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ’ ಎಂದು ಬೇರೆ ಇಬ್ಬರು ಬರೆದಿದ್ದಾರಲ್ಲ, ಅವರು ದೂರುವ ನಿಮಿಷದಲ್ಲಿ ಈ ಇಪ್ಪತ್ತು ಸೆಕೆಂಡೂ ಸೇರಿದೆ. ಹೊಗಳಿಕೆಯನ್ನೂ ಬೈಗುಳದಷ್ಟೇ ಅನುಮಾನದಿಂದ ಓದಬೇಕು.

ಇನ್ನು ಬೇರೆ ಜಾತಿಯ ಮಾತು ಒಂದಿದೆ, ಒಂದೇ ಒಂದು ಹಾಳೆಯಲ್ಲಿ: ‘ಯಾವುದೋ ಹಳ್ಳಿಯ ಪ್ರವಾಹ ಯಾರಿಗೆ ಬೇಕು, ಅರೆಭಾಷೆ ಯಾರಿಗೆ ಅರ್ಥವಾಗುತ್ತೆ, ಬೇರೆ ಸಬ್ಜೆಕ್ಟ್ ತಗೋ.’ ನೀನು ಇದಕ್ಕೇ ಎಲ್ಲಕ್ಕಿಂತ ಉದ್ದದ ಉತ್ತರ ಬರೆದಿದ್ದೀಯ. ಒಂದು ಸಾಲೂ ಬೇಕಿರಲಿಲ್ಲ. ಉಳಿದವರೆಲ್ಲ ನಿನ್ನ ಚಿತ್ರದೊಳಗೆ ಬಂದು ಎಡವಿದವರು, ಇವನು ಹೊಸ್ತಿಲಿನಲ್ಲೇ ನಿಂತು ಮನೆಯೇ ಬೇಡ ಅಂದವನು. ಎಡವಿದವರಿಂದ ಕಲಿಯುವುದಿದೆ. ಇವನಿಗೆ ನಮಸ್ಕಾರ ಹೇಳಿ ಕಳಿಸು.

ಮೈಸೂರಿನ ಚಿದಾನಂದ ನಾಯ್ಕ್ ಇದ್ದಾರಲ್ಲ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಗೆ ಹದಿನಾರು ನಿಮಿಷದ ಕನ್ನಡ ಚಿತ್ರ ಮಾಡಿದವರು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಅಂತ ಹೆಸರು. ಮುದುಕಿಯೊಬ್ಬಳು ಊರಿನ ಹುಂಜ ಕದ್ದುಬಿಡುತ್ತಾಳೆ, ಸೂರ್ಯ ಹುಟ್ಟುವುದೇ ಇಲ್ಲ. ನಾವೆಲ್ಲ ಕೇಳಿ ಬೆಳೆದ ಅಜ್ಜಿ ಮತ್ತು ಹುಂಜದ ಕಥೆಯ ಬಳ್ಳಿಯೇ. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕು ದಿನ. ಇದನ್ನು ಮಾಡಬೇಡ ಎಂದೇ ತಮಗೆ ಹೇಳಿದ್ದರೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಬಹುಮಾನ ಬಂದದ್ದಕ್ಕೆ ಅವರು ಮಾಡಿದ್ದು ಸರಿಯಾಯಿತು ಅಂದುಕೊಳ್ಳಬೇಡ, ಬರದಿದ್ದರೂ ಸರಿಯೇ. ಬಾಲ್ಯದಿಂದ ಹೊತ್ತುಕೊಂಡು ಬಂದ ಕಥೆಯನ್ನು ಬಿಡು ಅನ್ನುವುದು ಸಲಹೆಯಲ್ಲ. ಅವರು ಓದಿದ್ದು ವೈದ್ಯಕೀಯ ಅನ್ನುವುದು ಗೊತ್ತಾ? ನಮ್ಮ ಗಿರೀಶ ಕಾಸರವಳ್ಳಿಯವರೂ ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ ಪುಣೆಗೆ ಹೋದವರು. ಅಲ್ಲಿ ಮಾಡಿದ ‘ಅವಶೇಷ’ ಎಂಬ ವಿದ್ಯಾರ್ಥಿ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಔಷಧದ ಚೀಟಿಯ ಉಪಮೆ ನನ್ನ ತಲೆಗೆ ಹೊಳೆದದ್ದು ಬಹುಶಃ ಇವರಿಬ್ಬರಿಂದಲೇ.

ಅರೆಭಾಷೆಯ ಬಗ್ಗೆ ಹೆದರಬೇಡ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರನ್ನು ಕೂರಿಸಿ ಜಗತ್ತಿನ ಚಿತ್ರಗಳನ್ನೆಲ್ಲ ತೋರಿಸಿದರು. ಆ ಜನರಿಗೆ ಬಂಗಾಳಿಯೂ ಬರುತ್ತಿರಲಿಲ್ಲ, ಜಪಾನಿಯೂ ಬರುತ್ತಿರಲಿಲ್ಲ. ಕೂತು ನೋಡಿದರು. ಭಾಷೆ ತಡೆಯಾಗಲಿಲ್ಲ. ಆದರೆ ನಿನ್ನ ಚಿತ್ರದಲ್ಲಿ ಅಜ್ಜಿಯ ಮಾತು ಮಳೆಯ ಸದ್ದಿನಲ್ಲಿ ಮುಳುಗಿಹೋಗಿದೆ ಅಂತ ನಾಲ್ಕು ಜನ ಬರೆದಿದ್ದಾರೆ, ಅದು ಭಾಷೆಯ ಮಾತಲ್ಲ, ಮೈಕಿನ ಮಾತು. ಅರೆಭಾಷೆ ಬರುವ ನನಗೂ ಕೇಳಿಸಲಿಲ್ಲ. ಇದರಲ್ಲಿ ವಾದವೇ ಇಲ್ಲ, ಡಬ್ಬಿಂಗ್ ಮಾಡಿಸು. ಹಂಚಿನ ಮೇಲಿನ ಮಳೆಯನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟು, ಮಾತು ಬಂದಾಗ ತಗ್ಗಿಸು.

ನಿನ್ನ ಅಜ್ಜಿಯೂ ಚಿತ್ರ ನೋಡಿದರು. ತರಗತಿಯ ಯಾರಿಗೂ ಕಾಣದ ಒಂದು ತಪ್ಪು ಅವರಿಗೆ ಕಂಡಿತು. ‘ಅಷ್ಟು ಮಳೆಯಲ್ಲಿ ಯಾರಾದರೂ ಎದುರಿನ ಬಾಗಿಲಿಂದ ಹೊಳೆಗೆ ಹೋಗ್ತಾರಾ? ಅಡುಗೆಮನೆ ಬಾಗಿಲಿಂದ ಹೋದರೆ ಕೊಟ್ಟಿಗೆಯ ಮಾಡಿನ ಅಡಿಯಲ್ಲೇ ಅರ್ಧ ದಾರಿ ಆಗ್ತದೆ. ಅವಳು ಹೇಳಿದಳು ಅಂತ ಹೋದೆ.’ ಇದನ್ನು ಬೀದರಿನ ಹುಡುಗ ಹೇಳಲಾರ, ಬೆಂಗಳೂರಿನ ಹುಡುಗಿಯೂ ಹೇಳಲಾರಳು. ಹೊರಗಿನವರು ಎಲ್ಲಿ ಅರ್ಥವಾಗಲಿಲ್ಲ ಅಂತ ಹೇಳಬಲ್ಲರು, ಎಲ್ಲಿ ಸುಳ್ಳಾಯಿತು ಅಂತ ಒಳಗಿನವರೇ ಹೇಳಬೇಕು. ಬಾಗಿಲನ್ನು ಈಗ ಬದಲಿಸಲು ಆಗುವುದಿಲ್ಲ, ಅದು ಹಾಗೇ ಇರಲಿ. ಇನ್ನೊಂದು ಚಿತ್ರ ಮಾಡುವಾಗ ಕ್ಯಾಮೆರಾ ಇಡುವುದಕ್ಕೆ ಮುಂಚೆ ನಟಿಸುವವರನ್ನು ‘ನೀವು ದಿನಾ ಹೇಗೆ ಮಾಡುತ್ತೀರಿ?’ ಅಂತ ಒಂದು ಮಾತು ಕೇಳು.

ಗೆಳೆಯರಿಗೆ ಏನಾದರೂ ಬರೆಯದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ ಅಂತ ನಿನ್ನ ಭಯ. ಬರಿ, ಆದರೆ ಚಿಕ್ಕದಾಗಿ ಬರಿ. ‘ನೋಡಿ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹಾರರ್ ಅನ್ನಿಸಿದ್ದು ಯಾವ ಶಾಟಿನಿಂದ ಅಂತ ನೆನಪಿದೆಯಾ? ಬೇಜಾರು ಶುರುವಾದದ್ದು ಟೈಟಲ್ಲಿಗೆ ಮುಂಚೆಯಾ, ಆಮೇಲಾ?’ ಇಷ್ಟು ಸಾಕು. ಪ್ರಶ್ನೆ ಕೇಳಿದರೆ ಅವರು ಇನ್ನೂ ಹೇಳುತ್ತಾರೆ, ಸಮರ್ಥನೆ ಕೊಟ್ಟರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಂದಿನ ವಾರ ಅವರ ಚಿತ್ರಗಳಿಗೆ ನೀನೂ ಹಾಳೆ ಬರೆಯಬೇಕಲ್ಲ? ಆಗ ‘ಹೀಗೆ ಮಾಡು’ ಅಂತ ಬರೆಯಬೇಡ. ಎಲ್ಲಿ ಏನಂದುಕೊಂಡೆ ಅನ್ನುವುದನ್ನು ನಿಮಿಷ, ಸೆಕೆಂಡು ಸಮೇತ ಬರಿ. ದೆವ್ವಕ್ಕೆ ಕಾದ ಆ ಹುಡುಗಿಯ ಹಾಳೆಯನ್ನೇ ಮಾದರಿಯಾಗಿ ಇಟ್ಟುಕೋ. ಅವಳ ಜೊತೆ ಸ್ನೇಹ ಗಟ್ಟಿ ಮಾಡಿಕೋ, ಅಂಥ ಕಣ್ಣು ಬೇಗ ಸಿಗುವುದಿಲ್ಲ.

ಕತ್ತರಿಸುವ ಮುಂಚೆ ಈಗಿರುವ ಟೈಮ್‌ಲೈನಿನ ನಕಲು ಮಾಡಿ, ದಿನಾಂಕ ಬರೆದು ಇಡು. ನಮ್ಮ ಕಾಲದಲ್ಲಿ ತೆಗೆದ ತುಂಡು ಬಿನ್ನಿನ ಮೇಲೆ ಕಣ್ಣೆದುರೇ ತೂಗುತ್ತಿತ್ತು, ಬೇಕೆಂದರೆ ಮತ್ತೆ ಅಂಟಿಸುತ್ತಿದ್ದೆವು. ಹಾಗಾಗಿ ಕತ್ತರಿಸುವವರ ಕೈಗೆ ಧೈರ್ಯವಿತ್ತು. ಡ್ರೋನ್ ಶಾಟನ್ನೂ ಕಿತ್ತು ಅಲ್ಲಿಡು, ಕೊನೆಗೆ ಬೇಕಾದರೂ ಬೇಕಾದೀತು.

ಈಗ ಮುಖ್ಯವಾದ ತೊಡಕು. ಎರಡನೆಯ ಕೋಲಿನ ಶಾಟನ್ನು ಹೊಸದಾಗಿ ತೆಗೆಯುವ ಹಾಗಿಲ್ಲ. ಹೊಳೆ ಇಳಿದು ಹೋಗಿದೆ, ಚೆರಿಯಪರಂಬಿನಲ್ಲಿ ಈಗ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರಿ ಆಡುತ್ತಿದ್ದಾರೆ. ಇನ್ನು ನೀರು ಏರುವುದು ಮುಂದಿನ ಮಳೆಗಾಲಕ್ಕೆ, ನಿನ್ನ ಕಾಲೇಜು ಅಷ್ಟರವರೆಗೆ ಕಾಯುವುದಿಲ್ಲ. ಆದರೆ ನನಗೊಂದು ನೆನಪಿದೆ. ಶೂಟಿಂಗಿನ ಮೊದಲ ದಿನ ಮುಸ್ಸಂಜೆಗೆ ಕೋಲಿನ ಶಾಟ್ ತೆಗೆದೆ, ಫೋಕಸ್ ಸರಿ ಬರಲಿಲ್ಲ ಅಂತ ಮರುದಿನ ಬೆಳಕು ಹರಿಯುವ ಮುಂಚೆ ಅದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ಮತ್ತೆ ತೆಗೆದೆ. ರಾತ್ರಿಯಿಡೀ ಮಳೆ ಬಂದಿತ್ತು. ಚಿತ್ರದಲ್ಲಿ ನೀನು ಹಾಕಿರುವುದು ಬೆಳಗಿನದ್ದು. ಟಿ.ವಿ.ಯಲ್ಲಿ ಗಮನವಿಟ್ಟು ನೋಡಿದೆ, ಅದರಲ್ಲಿ ನೀರು ಕೋಲಿನ ಬುಡ ಮುಟ್ಟಿದೆ. ಹಾಗಾದರೆ ಮುಸ್ಸಂಜೆಯದ್ದರಲ್ಲಿ ಕೋಲು ಒಣನೆಲದಲ್ಲಿ ಇರಬೇಕಲ್ಲವಾ? ಆ ಕಾರ್ಡಿನ ಫೈಲುಗಳನ್ನು ಅಳಿಸಿದ್ದೀಯೋ, ಹಾರ್ಡ್ ಡಿಸ್ಕಿನಲ್ಲಿ ಉಳಿದಿವೆಯೋ ನೋಡು. ಸ್ವಲ್ಪ ಮಸುಕಾಗಿದ್ದರೂ ಚಿಂತೆಯಿಲ್ಲ, ಮಳೆಯಲ್ಲಿ ಯಾವುದು ತಾನೇ ಸ್ಪಷ್ಟ ಕಾಣುತ್ತದೆ. ಟಾರ್ಚ್ ಬಡಿಯುವ ಶಾಟೂ ಅದೇ ದಿನದ್ದು.

ಸಿಕ್ಕರೆ ಮೊದಲ ಮೂರು ನಿಮಿಷ ಹೊಸದಾಗಿ ಜೋಡಿಸಿ ಶನಿವಾರದೊಳಗೆ ಕಳಿಸು. ನಿನ್ನ ಅಪ್ಪ ಭಾನುವಾರ ಮಾತ್ರ ಮನೆಯಲ್ಲಿರುತ್ತಾನೆ, ಟಿ.ವಿ.ಗೆ ಜೋಡಿಸಲು ನನಗೆ ಬರುವುದಿಲ್ಲ. ಬರುವಾಗ ಅಜ್ಜಿಯ ಟಾರ್ಚಿಗೆ ಬ್ಯಾಟರಿ ತಾ.

ನಿನ್ನ
ಚಿಕ್ಕಜ್ಜ